ಒಳಗಿನ ಐದು ನಟ್ಟುಗಳು

ಮೂತ್ರ ಬಂದಿದೆ ಎಂದು ಮೂರನೆಯ ಸಲವೂ ಸುಳ್ಳು ಹೇಳುವುದೋ ಬೇಡವೋ ಎಂದು ಮರ್ವಿನ್, ಕ್ವೋರ್ನ್ ಎಂಬ ಊರು ದಾಟಿದಾಗಿನಿಂದ, ಯೋಚಿಸುತ್ತಿದ್ದ. ಮೊದಲನೆಯ ಸಲ ಯಾರೂ ಏನೂ ಅನ್ನಲಿಲ್ಲ. ಎರಡನೆಯ ಸಲ ಅಳಿಯ ಬ್ರೋಡಿ ಗಾಡಿ ನಿಲ್ಲಿಸುತ್ತ ಕನ್ನಡಿಯಲ್ಲಿ ಹೆಂಡತಿಯ ಕಡೆ ನೋಡಿ ಹುಬ್ಬು ಹಾರಿಸಿದ್ದ. ಹಿಂದಿನ ಸೀಟಿನಲ್ಲಿ ಕೂತಿದ್ದ ಮಗಳು ರೋವೆನಾ, "ಅಪ್ಪ, ಡಾಕ್ಟರಿಗೆ ತೋರಿಸಿದ್ಯಾ? ನಿಜ ಹೇಳು, ಮುಚ್ಚಿಡಬೇಡ" ಎಂದು ಕೇಳಿದ್ದಳು, ಅವಳ ದನಿಯಲ್ಲಿದ್ದದ್ದು ನಿಜವಾದ ಕಳವಳ, ಅದೇ ಅವನಿಗೆ ಚುಚ್ಚಿತ್ತು. ನಾಲ್ಕು ವರ್ಷದ ಪಿಪ್ಪಾ ಅಂತೂ ತನ್ನ ಎತ್ತರದ ಕುರ್ಚಿಯಿಂದಲೇ, "ತಾತಂಗೂ ಡೈಪರ್ ಹಾಕು ಅಮ್ಮ" ಎಂದು ಪರಿಹಾರ ಸೂಚಿಸಿದ್ದಳು. ಎರಡು ಸಲವೂ ಅವನು ಗಾಡಿಯ ಹಿಂದಕ್ಕೆ ಹೋಗಿ, ರಸ್ತೆಗೆ ಬೆನ್ನು ಮಾಡಿ ನಿಂತಂತೆ ನಟಿಸಿ, ಬಗ್ಗಿ ಹಿಂದಿನ ಚಕ್ರಗಳ ನಟ್ಟುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದ್ದ, ಚಕ್ರದ ನಡುವಿಗೆ ಅಂಗೈ ಹಿಡಿದು ಬಿಸಿ ನೋಡಿದ್ದ. ಅರವತ್ತೊಂಬತ್ತು ವರ್ಷದ ಮನುಷ್ಯ ಹೀಗೆ ಕದ್ದು ಕದ್ದು ಚಕ್ರ ಮುಟ್ಟುವುದು! ಹೆಂಡತಿ ಬೆರಿಲ್ ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು. ಅವಳು ಜಾಣೆ, ಮೊಣಕಾಲಿನ ನೆಪ ಹೇಳಿ ಮನೆಯಲ್ಲೇ ಉಳಿದಳು. "ನಿನ್ನ ಜೊತೆ ಕಾರಲ್ಲಿ ಕೂತ್ರೆ ನನಗೆ ಬಿಪಿ ಏರುತ್ತೆ ಮರ್ವ್, ನೀನು ಹೋಗು" ಎಂದಿದ್ದಳು.

ಬೆಳಿಗ್ಗೆ ತಿಂಡಿಯಾದ ಮೇಲೆ ಬ್ರೋಡಿ ಅವನನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಗಾಡಿಯ ಹಿಂದಿನ ಚಕ್ರಗಳನ್ನು ತೋರಿಸಿದ್ದ. ಆ ಜಾತಿಯ ಗಾಡಿಗಳಲ್ಲಿ ಹಿಂದಿನ ಚಕ್ರಗಳು ಮುಂದಿನವುಗಳಿಗಿಂತ ತುಸು ಒಳಗೆ ಸರಿದಿರುತ್ತವೆ. ಮರಳಿನಲ್ಲಿ ಮುಂದಿನದು ಒಂದು ಜಾಡು ಕೊರೆದರೆ ಹಿಂದಿನದು ಇನ್ನೊಂದು ಕೊರೆಯುತ್ತ ಒದ್ದಾಡುತ್ತದೆ. ಅದಕ್ಕೇ ಉತ್ತರದ ಮರಳು ದಿಬ್ಬಗಳ ಕಡೆ ಈಸ್ಟರ್ ರಜೆಗೆ ಡೇರೆ ಹೂಡಲು ಹೋಗುವವರೆಲ್ಲ ಹಿಂದಿನ ಚಕ್ರಕ್ಕೂ ಅದು ಕೂರುವ ಹಬ್‌ಗೂ ನಡುವೆ ಎರಡು ಬೆರಳು ದಪ್ಪದ ಅಲ್ಯೂಮಿನಿಯಂ ಬಿಲ್ಲೆ ಕೂರಿಸುತ್ತಾರೆ. ಸ್ಪೇಸರ್. ರಸ್ತೆಯ ಕಾನೂನು ಬೇಡ ಎನ್ನುತ್ತದೆ, ಊರು ಬೇಕು ಎನ್ನುತ್ತದೆ. "ನೋಡಿ ಮರ್ವ್, ನಿನ್ನೆ ಸಂಜೆ ಹಾಕ್ದೆ. ಈಗ ನಾಲ್ಕೂ ಒಂದೇ ಜಾಡಲ್ಲಿ ಬರುತ್ವೆ" ಎಂದು ಬ್ರೋಡಿ ಮಗುವಿನ ಬೆನ್ನು ತಟ್ಟುವ ಹಾಗೆ ಟೈರು ತಟ್ಟಿದ್ದ. ಮರ್ವಿನ್ "ಚೆನ್ನಾಗಿದೆ" ಎಂದ. ಮತ್ತೇನು ಹೇಳಲಿಕ್ಕಿತ್ತು? ಈ ಸೀಮೆಯಲ್ಲಿ ಒಬ್ಬನ ಫುಟ್‌ಬಾಲ್ ತಂಡವನ್ನು ಬೈಯಬಹುದು, ಅವನ ಅಡುಗೆಯನ್ನು ಬೈಯಬಹುದು, ಅವನೆದುರೇ ಅವನ ತಮ್ಮನನ್ನು ಬೈಯಬಹುದು. ಅವನು ಕೈಯಾರೆ ಕೆಲಸ ಮಾಡಿದ ಗಾಡಿಗೆ ಮಾತ್ರ ಹೆಸರಿಡಬಾರದು. ಅದರಲ್ಲೂ ಮಾವನಾದವನು. ಅದರಲ್ಲೂ ಬದುಕಿಡೀ ಒಂದು ಪಾನಾ ಹಿಡಿಯದೆ, ವಿಮೆ ಕಂಪನಿಯ ಪರವಾಗಿ ಜಜ್ಜಿಹೋದ ಕಾರುಗಳನ್ನು ನೋಡಿಕೊಂಡು ಬರುವುದೇ ಕಸುಬಾಗಿದ್ದ ಮಾವ.

ಅದೇ ಅಲ್ಲವೇ ತನ್ನ ಶಾಪ, ಎಂದುಕೊಂಡ ಮರ್ವಿನ್. ಬೇರೆಯವರಿಗೆ ಕಾರು ಎಂದರೆ ಕಾರು. ತನಗೆ ಅದು ಇನ್ನೂ ಜಜ್ಜಿಹೋಗದಿರುವ ಕಾರು. ಕಿಟಕಿಯ ಆಚೆ ಒಣಗಿದ ಗೋಧಿ ಕೂಳೆಯ ಹೊಲಗಳು ಮುಗಿದು ಬೂದು ಪೊದೆಗಳ ಬಯಲು ಶುರುವಾಗಿತ್ತು. ಎಂದೋ ಒಂದು ದಿನ ಇಂಥದೇ ಹೊಲದ ನಡುವೆ ಒಂದು ಚಕ್ರ ಒಂಟಿಯಾಗಿ ಬಿದ್ದಿತ್ತು, ರಸ್ತೆಯಿಂದ ಅಷ್ಟು ದೂರ ಅದು ಹೇಗೆ ಬಂತೆಂದು ಯಾರಿಗೂ ತಿಳಿಯದಂತೆ. ಕಾರು ಆಚೆ ಮೋರಿಯಲ್ಲಿ ತಲೆಕೆಳಗಾಗಿತ್ತು. ಒಳಗಿದ್ದ ಚಹಾದ ಫ್ಲಾಸ್ಕಿಗೆ ಒಂದು ಗೆರೆಯೂ ಆಗಿರಲಿಲ್ಲ, ಮುಚ್ಚಳ ತೆಗೆದರೆ ಚಹಾ ಇನ್ನೂ ಬೆಚ್ಚಗಿತ್ತು. ಅಲ್ಲಿ ಸ್ಪೇಸರೂ ಇರಲಿಲ್ಲ ಗೀಸರೂ ಇರಲಿಲ್ಲ; ಟೈರು ಬದಲಿಸಿದವನು ನಟ್ಟು ಸರಿಯಾಗಿ ಬಿಗಿ ಮಾಡಿರಲಿಲ್ಲ, ಅಷ್ಟೆ. ಕಾರು ಓಡಿಸುತ್ತಿದ್ದ ಹುಡುಗನ ತಾಯಿ ಮೋರಿಯ ದಂಡೆಯಲ್ಲಿ ನಿಂತು ಮರ್ವಿನ್‌ನ ಕೈಯಲ್ಲಿದ್ದ ಕ್ಯಾಮೆರಾವನ್ನೇ ದಿಟ್ಟಿಸುತ್ತ, "ನೀವು ಯಾವಾಗಲೂ ಆಮೇಲೇ ಬರೋದಾ?" ಎಂದು ಕೇಳಿದ್ದಳು. ಕೋಪದಿಂದಲ್ಲ, ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳುವಂತೆ. ಹೂಂ ತಾಯಿ, ನಾನು ಆಮೇಲೇ ಬರುವವನು. "ತಾತ, ಎಮು! ಎಮು!" ಎಂದು ಪಿಪ್ಪಾ ಕೂಗಿದಳು. ನಾಲ್ಕು ಎಮು ಹಕ್ಕಿಗಳು ಬೇಲಿಯುದ್ದಕ್ಕೂ ಲಂಗ ಎತ್ತಿಕೊಂಡ ಮುದುಕಿಯರ ಹಾಗೆ ಓಡುತ್ತಿದ್ದವು. ಅವನು ಎಮು ನೋಡಲಿಲ್ಲ, ಹಿಂದೆ ತಿರುಗಿ ಮಗುವಿನ ಮುಖ ನೋಡಿದ. ಅವಳು ಕೂತಿದ್ದದ್ದು ಎಡಗಡೆಯ ಹಿಂದಿನ ಚಕ್ರದ ಸರಿಯಾಗಿ ಮೇಲೆ.

ಹೊರಗಿನ ನಟ್ಟುಗಳು ಬಿಗಿಯಾಗಿದ್ದವು, ನಿಜ. ಆದರೆ ಹೊರಗಿನ ನಟ್ಟು ಹಿಡಿದಿರುವುದು ಚಕ್ರವನ್ನು ಬಿಲ್ಲೆಗೆ ಮಾತ್ರ. ಬಿಲ್ಲೆಯನ್ನು ಗಾಡಿಗೆ ಹಿಡಿದಿರುವ ಐದು ನಟ್ಟುಗಳು ಬೇರೆ ಇವೆ, ಒಳಗೆ. ಚಕ್ರ ಬಿಚ್ಚದೆ ಅವನ್ನು ಯಾವ ಗಂಡಸೂ ನೋಡಲಾರ, ಮುಟ್ಟಲಾರ. ಹಾಕಿದ ಮೇಲೆ ನೂರು ಕಿಲೋಮೀಟರ್ ಓಡಿಸಿ, ಚಕ್ರ ಬಿಚ್ಚಿ, ಆ ಒಳಗಿನವನ್ನು ಇನ್ನೊಮ್ಮೆ ಬಿಗಿ ಮಾಡಬೇಕು. ಬ್ರೋಡಿಗೆ ಅದು ಗೊತ್ತಿಲ್ಲವೆಂದಲ್ಲ. ಬೆಳಿಗ್ಗೆ ಮರ್ವಿನ್ ಹಗುರವಾಗಿ ಎಂಬಂತೆ ಕೇಳಿದ್ದಕ್ಕೆ, "ಡೇರೆ ಹಾಕಿದ್ಮೇಲೆ ನೋಡ್ಕೊಂಡ್ರಾಯ್ತು, ಅಲ್ಲೇನು ಬೇರೆ ಕೆಲಸ ಇರುತ್ತಾ" ಎಂದಿದ್ದ. ಡೇರೆ ಹಾಕುವ ಜಾಗ ನೂರಲ್ಲ, ನಾನೂರು ಕಿಲೋಮೀಟರ್ ಆಚೆ. ಹಾಗಾದರೆ ಎರಡು ಸಲ ಮೂತ್ರದ ನೆಪ ಹೇಳಿ ಮುಟ್ಟಿ ಬಂದದ್ದು ಏನನ್ನು? ತನ್ನ ಸಮಾಧಾನವನ್ನು. ಕಾಣುವ ಕಡೆ ಹುಡುಕಿ, ಕಾಣದ ಕಡೆಯ ಬಗ್ಗೆ ಬಾಯಿ ಮುಚ್ಚಿಕೊಂಡು ಕೂತ ಹೇಡಿ! ಅಳಿಯ ನಗುತ್ತಾನೆಂಬ ಭಯಕ್ಕೆ ಮೊಮ್ಮಗಳನ್ನು ಆ ಚಕ್ರದ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದೇನಲ್ಲ ಎಂದು ಅವನಿಗೆ ಮೈ ಬಿಸಿಯಾಯಿತು. ಎದುರಿನಿಂದ ಕುರಿ ತುಂಬಿದ ಲಾರಿ ಬಂತು. ಬ್ರೋಡಿ ಸ್ಟಿಯರಿಂಗಿನಿಂದ ತೋರುಬೆರಳು ಎತ್ತಿದ, ಲಾರಿಯವನೂ ಎತ್ತಿದ; ಈ ಕಡೆಯ ನಮಸ್ಕಾರ ಅದು. ಲಾರಿಯ ಗಾಳಿಗೆ ಗಾಡಿ ಸ್ವಲ್ಪ ಅಲ್ಲಾಡಿತು.

"ಬ್ರೋಡಿ, ಸ್ವಲ್ಪ ನಿಲ್ಲಿಸ್ತೀಯಾ?"

"ಮತ್ತೆ ಬಂತಾ?" ಬ್ರೋಡಿ ನಕ್ಕ. "ಬರ್ಲಿ ಬಿಡಿ ಮರ್ವ್, ನಾಚ್ಕೋಬೇಡಿ. ನಮ್ಮಪ್ಪನೂ ಹಾಗೇ, ಮರ ಕಂಡಲ್ಲೆಲ್ಲ ನಿಲ್ಲಿಸು ಅಂತಿದ್ರು. ಇಲ್ಲಿ ಮರ ಇಲ್ಲ ಅಂತ ನೀವು ನನ್ನ ಗಾಡೀನೇ ಮರ ಮಾಡ್ಕೊಂಡಿದೀರ."

"ಮೂತ್ರ ಅಲ್ಲ. ಆ ಸ್ಪೇಸರ್... ಒಳಗಿನ ನಟ್ಟು ಒಂದ್ಸಲ ನೋಡ್ಬಿಡೋಣ ಅಂತ."

"ಅಯ್ಯೋ ಅಪ್ಪ!" ಎಂದಳು ರೋವೆನಾ. ಆ ಎರಡು ಪದದಲ್ಲಿ ಅವಳ ಬಾಲ್ಯವಿಡೀ ಇತ್ತು: ಒಲೆ ಆರಿಸಿದ್ದೆವಾ ಎಂದು ಅರ್ಧ ದಾರಿಯಿಂದ ವಾಪಸಾದ ಪ್ರವಾಸಗಳು, ಶಾಲೆಯ ಬಸ್ಸಿನ ಟೈರು ಸವೆದಿದೆ ಎಂದು ಅಪ್ಪ ಚಾಲಕನ ಜೊತೆ ಜಗಳವಾಡಿದಾಗ ಬಸ್ಸಿನೊಳಗೆ ತಲೆ ತಗ್ಗಿಸಿ ಕೂತ ಬೆಳಗು. "ಹಾಗಾದ್ರೆ ಆಗ ಎರಡು ಸಲ ಇಳಿದದ್ದು?" ಎಂದಳು. ಬ್ರೋಡಿಯ ಕಿವಿ ಕೆಂಪಾದದ್ದು ಪಕ್ಕದಿಂದ ಕಾಣುತ್ತಿತ್ತು. ಹಿಂದೆ ಮುಂದೆ ಒಂದು ನರಪಿಳ್ಳೆ ಇಲ್ಲದ ರಸ್ತೆಯಲ್ಲಿ ಅವನು ಇಂಡಿಕೇಟರ್ ಹಾಕಿ, ಬಹಳ ಶಿಸ್ತಿನಿಂದ ಗಾಡಿಯನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿದ. "ನೋಡೋಣ ಅದಕ್ಕೇನಂತೆ" ಎಂದ. ನಗುತ್ತ ಬೈದಿದ್ದರೆ ಎಷ್ಟೋ ಮೇಲಾಗಿತ್ತು.

ಬಿಸಿಲು ಏರಿತ್ತು. ರೋವೆನಾ ಮಗುವನ್ನು ಇಳಿಸಿಕೊಂಡು ದೂರದ ಬೇಲಿಯ ಹತ್ತಿರ ಹೋಗಿ ನಿಂತಳು. ಬ್ರೋಡಿ ಬಲಗಡೆಯ ಚಕ್ರದ ಕೆಳಗೆ ಜಾಕಿ ಕೊಟ್ಟು, ಚಕ್ರ ಕಳಚಿ, ಉದ್ದ ಹಿಡಿಯ ಪಾನಾವನ್ನು ಒಳಗಿನ ನಟ್ಟಿಗೆ ಇಟ್ಟು ಒತ್ತಿದ. ಬೇಕಾದಷ್ಟು ಬಿಗಿಯಾಗಿದ್ದರೆ ಟಕ್ ಎನ್ನುವ ಪಾನಾ ಅದು. ಟಕ್ ಎಂದಿತು. ಮುಂದಿನದೂ ಟಕ್. ಐದೂ ಟಕ್. ಪ್ರತಿಯೊಂದು ಟಕ್ಕಿಗೂ ಬ್ರೋಡಿ ಮಾವನ ಮುಖ ನೋಡುತ್ತಿದ್ದ. ಆ ಚಕ್ರ ಮತ್ತೆ ಏರಿಸಿ, ಎಡಗಡೆಯದನ್ನು ಬಿಚ್ಚಿದರು; ಅಲ್ಲಿಯೂ ಐದು. "ಸಾಕಾ?" ಎಂದ ಬ್ರೋಡಿ. ಸಾಕು ಎನ್ನಬೇಕಿತ್ತು. ದೇವರ ದಯೆ, ಸಾಕು ಕಣಪ್ಪ, ತಪ್ಪಾಯ್ತು ಎಂದು ಅವನ ಭುಜ ತಟ್ಟಬೇಕಿತ್ತು. ಆದರೆ ಮರ್ವಿನ್‌ನ ಬಾಯಿಯಿಂದ ಬಂದದ್ದು, "ಬಿಲ್ಲೆಯ ಹಿಂದೆ ಹಬ್ ಮೇಲೆ ತುಕ್ಕು ಗಿಕ್ಕು ಇದ್ರೆ ಅದು ಸಮನಾಗಿ ಕೂರಲ್ಲ, ಅಲ್ವಾ? ಆಮೇಲೆ ತಾನಾಗೇ ಸಡಿಲ ಆಗುತ್ತೆ." ಬ್ರೋಡಿ ಪಾನಾವನ್ನು ಅವನ ಕೈಗೇ ಕೊಟ್ಟ. "ತೆಗೀರಿ. ನೀವೇ ತೆಗೆದು ನೋಡ್ಬಿಡಿ. ನಾನು ಮಗೂಗೆ ನೀರು ಕೊಟ್ಟು ಬರ್ತೀನಿ."

ಮರ್ವಿನ್ ಮೊಣಕಾಲೂರಿ, ಇಡೀ ಮೈಭಾರ ಹಾಕಿ ಐದೂ ನಟ್ಟು ಬಿಚ್ಚಿ ಬಿಲ್ಲೆಯನ್ನು ಎಳೆದು ತೆಗೆದ. ಹಬ್ ಹೊಳೆಯುತ್ತಿತ್ತು. ತಂತಿ ಬ್ರಷ್ಷಿನಿಂದ ಉಜ್ಜಿ ಉಜ್ಜಿ, ಒಂದು ಕಣ ತುಕ್ಕಿಲ್ಲದಂತೆ, ಹಬ್ಬಕ್ಕೆ ಬೆಳಗಿದ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ನಿನ್ನೆ ಸಂಜೆಯೆಲ್ಲ ಆ ಹುಡುಗ ಹೀಗೆ ಮಂಡಿಯೂರಿ ಕೂತು ಇದನ್ನು ಉಜ್ಜಿದ್ದಾನೆ, ತನ್ನ ಮಗು ಇದರ ಮೇಲೆ ಕೂರುತ್ತದೆ ಎಂದು ಗೊತ್ತಿದ್ದೇ ಉಜ್ಜಿದ್ದಾನೆ. ಮರ್ವಿನ್‌ಗೆ ಒಳಗೆ ಏನೋ ಕುಸಿದಂತಾಯಿತು. ಸಮಾಧಾನ ಇರಬೇಕು ಎಂದುಕೊಂಡ. ಅಲ್ಲ. ಅದು ನಿರಾಸೆ. ಬಿಲ್ಲೆಯನ್ನು ಕೈಯಲ್ಲಿ ಹಿಡಿದು ಆ ಹೊಳಪನ್ನು ನೋಡುತ್ತ ನೋಡುತ್ತ ಅವನಿಗೆ ತನ್ನ ಮನಸ್ಸು ಸ್ಪಷ್ಟವಾಗಿ ಕಂಡಿತು: ತುಕ್ಕು ಇರಬೇಕಿತ್ತು ಎಂದು ತಾನು ಬಯಸಿದ್ದ. ಒಂದಾದರೂ ನಟ್ಟು ಸಡಿಲವಿರಲಿ, ಬ್ರೋಡಿಯ ಮುಖ ಇಳಿಯಲಿ, ರೋವೆನಾ 'ಅಪ್ಪ ಹೇಳಿದ್ದೇ ಸರಿ' ಎನ್ನಲಿ. ಅದಕ್ಕಾಗಿ, ಬೆಳಗಿನಿಂದ ಅಷ್ಟು ದೂರ, ಪಿಪ್ಪಾ ಆ ಸಡಿಲ ಚಕ್ರದ ಮೇಲೆ ಕೂತು ಬಂದಿರಲಿ! ಛೀ ಮುದಿಯಾ. ನಿನ್ನ ಕಾಳಜಿಗಿಷ್ಟು ಬೆಂಕಿ ಹಾಕ. ಬಿಲ್ಲೆಯನ್ನು ಮತ್ತೆ ಕೂರಿಸಿ, ಐದು ನಟ್ಟುಗಳನ್ನೂ ಬೆರಳಿನಿಂದ ತಿರುಗಿಸಿ ಹಾಕಿ, ಪಾನಾ ಎತ್ತಿಕೊಂಡ. ಟಕ್.

ಅಷ್ಟರಲ್ಲಿ ಹಿಂಭಾಗ ತೆರೆದ ಹಳೆಯ ಗಾಡಿಯೊಂದು ಬಂದು ಪಕ್ಕದಲ್ಲೇ ನಿಂತಿತು. ಹಿಂದೆ ಎರಡು ಕುರಿನಾಯಿ, ಮುಂದೆ ಬಿಸಿಲಿಗೆ ಸುಟ್ಟ ಮುಖದ ಹೆಂಗಸು. "ಏನ್ರಪ್ಪಾ, ಎಲ್ಲ ಸರಿ ಇದೆಯಾ? ನೀರು ಗೀರು ಬೇಕಾ?" ಎಂದು ಕೇಳಿದಳು. ಈ ರಸ್ತೆಯಲ್ಲಿ ನಿಂತ ಗಾಡಿ ಕಂಡರೆ ಹೀಗೆ ನಿಲ್ಲಿಸಿ ಕೇಳದೆ ಮುಂದೆ ಹೋಗುವವನು ಮನುಷ್ಯನೇ ಅಲ್ಲ. ಕೇಳಿದವರ ಬಳಿಗೆ ಎದ್ದು ಹೋಗಿ ಅವರ ಕಿಟಕಿಗೆ ಮೊಣಕೈ ಊರಿ ನಾಲ್ಕು ಮಾತಾಡದವನೂ ಮನುಷ್ಯನಲ್ಲ. ಮರ್ವಿನ್ ಪಾನಾ ಕೆಳಗಿಟ್ಟು ಎದ್ದ. ಬ್ರೋಡಿಯೂ ಬಂದ.

"ಏನೂ ಆಗಿಲ್ಲ. ನಾನು ಹಾಕಿದ ನಟ್ಟಿನ ಮೇಲೆ ನಮ್ಮ ಮಾವಂಗೆ ನಂಬಿಕೆ ಇಲ್ಲ. ತನಿಖೆ ನಡೀತಿದೆ."

"ಓ, ಅಂಥಾ ಮಾವನಾ!" ಹೆಂಗಸು ಗಹಗಹಿಸಿ ನಕ್ಕಳು. "ನಮ್ಮಪ್ಪನೂ ಅದೇ ಜಾತಿ. ನನ್ನ ಮದುವೆ ದಿನ ಕೋಟು ಹಾಕ್ಕೊಂಡು ಚರ್ಚ್ ಮುಂದೆ ಕುಕ್ಕರಗಾಲಲ್ಲಿ ಕೂತು ನಮ್ಮ ಕಾರಿನ ಗಾಳಿ ನೋಡಿದ್ರು. ಇಂಥವ್ರಿಗೆ ಸ್ವರ್ಗದ ಬಾಗಿಲಲ್ಲೂ ಕೀಲು ನೋಡದೆ ಒಳಗೆ ಹೋಗೋಕಾಗಲ್ಲ ನೋಡಿ."

ಮರ್ವಿನ್ ನಕ್ಕ. ನಗದೆ ವಿಧಿಯಿರಲಿಲ್ಲ. ಮಳೆಯ ಮಾತು ಬಂತು, ಉಣ್ಣೆಯ ಮಾತು ಬಂತು, ಮುಂದೆ ಹಳ್ಳದ ಹತ್ತಿರ ರಸ್ತೆ ಕೊರೆದುಹೋಗಿದೆ ನಿಧಾನ ಹೋಗಿ ಎಂಬ ಮಾತೂ ಬಂತು. ಅವನಿಗೆ ಯಾವುದೂ ಕಿವಿಗೆ ಇಳಿಯಲಿಲ್ಲ. ತುಕ್ಕು ಸಿಕ್ಕಿತಾ ಎಂದು ಬ್ರೋಡಿ ಇವಳೆದುರಿಗೆ ಕೇಳಿಬಿಟ್ಟರೆ ಎಂಬುದೊಂದೇ ದಿಗಿಲು. ಆದಷ್ಟು ಬೇಗ ಆ ಬಿಲ್ಲೆಯನ್ನು ಕಣ್ಣಿಗೆ ಬೀಳದಂತೆ ಮುಚ್ಚಿಬಿಡಬೇಕು ಎನ್ನಿಸಿ, ಅವಳಿನ್ನೂ ಮಾತಾಡುತ್ತಿರುವಾಗಲೇ ಮೆಲ್ಲಗೆ ಹಿಂದೆ ಸರಿದು, ಚಕ್ರ ಎತ್ತಿ ಏರಿಸಿದ. ಬ್ರೋಡಿ ಬಂದು ಹೊರಗಿನ ನಟ್ಟು ಬಿಗಿ ಮಾಡಲು ಪಾನಾ ಎತ್ತಿಕೊಂಡು, "ಒಳಗಿಂದು ಆಯ್ತಾ?" ಎಂದ. "ಆಯ್ತು" ಎಂದ ಮರ್ವಿನ್. ಹೊರಗಿನ ಐದೂ ಟಕ್ ಟಕ್ ಎಂದವು. ಹೆಂಗಸು ಬೆರಳೆತ್ತಿ ಹೊರಟುಹೋದಳು.

ಗಾಡಿ ಮತ್ತೆ ಓಡತೊಡಗಿತು. ಪಿಪ್ಪಾ ಬಿಸ್ಕತ್ತು ತಿನ್ನುತ್ತ ಏನೋ ರಾಗ ಎಳೆಯುತ್ತಿದ್ದಳು. ಬ್ರೋಡಿ ರೇಡಿಯೊ ಹಾಕಿದ. ಯಾವುದೋ ಊರಿನ ಪಂದ್ಯದ ವಿವರಣೆ ಕರಕರ ಎಂದು ಬರುತ್ತಿತ್ತು. ಇನ್ನು ತಾನು ಸುಮ್ಮನಿರಬೇಕು, ಡೇರೆಯ ಜಾಗದಲ್ಲಿ ಎಲ್ಲರ ಮುಂದೆ ತಾನೇ ಈ ಕತೆ ಹೇಳಿ ತನ್ನನ್ನೇ ಗೇಲಿ ಮಾಡಿಕೊಳ್ಳಬೇಕು, ಬ್ರೋಡಿ ನಗುತ್ತಾನೆ, ಎಲ್ಲ ಸರಿಹೋಗುತ್ತದೆ, ಎಂದು ಮರ್ವಿನ್ ವಾಕ್ಯಗಳನ್ನು ಜೋಡಿಸತೊಡಗಿದ. ಬಿಲ್ಲೆ ತೆಗೆದೆ, ನೋಡಿದರೆ ಫಳಫಳ ಹೊಳೆಯುತ್ತಿದೆ, ವಾಪಸ್ ಕೂರಿಸಿ ನಟ್ಟು ಹಾಕಿ ಪಾನಾ ತಗೊಂಡೆ, ಟಕ್ ಅಂತು... ಅಲ್ಲಿಗೆ ಕತೆ ನಿಂತುಹೋಯಿತು. ಟಕ್ ಎಂದ ಮೇಲೆ ಹೆಂಗಸಿನ ದನಿ. ಆಮೇಲೆ? ಆಮೇಲೆ ಚಕ್ರ. ನಡುವೆ ಇನ್ನು ನಾಲ್ಕು ಟಕ್ ಇರಬೇಕಲ್ಲ. ಇದ್ದಿರಲೇಬೇಕು. ಆಯ್ತು ಎಂದು ಬಾಯಿಬಿಟ್ಟು ಹೇಳಿದ್ದೇನಲ್ಲ. 'ಎಲ್ಲ ಬಿಗಿ ಮಾಡಿದ್ದೆ ಸರ್' ಎಂದು ಬದುಕಿಡೀ ಅವನಿಗೆ ಹೇಳಿದವರೆಷ್ಟು ಜನ! ಯಾರೂ ಸುಳ್ಳುಗಾರರಲ್ಲ, ಎಲ್ಲರೂ ಮನಸಾರೆ ನಂಬಿಯೇ ಹೇಳಿದವರು. ಅವನು ಕಣ್ಣು ಮುಚ್ಚಿ ಕೈಗೆ ನೆನಪಿದೆಯೇ ಎಂದು ನೋಡಿದ. ಒಂದು ಸಲ ಒತ್ತಿದ ನೆನಪು ಅಂಗೈಯಲ್ಲಿತ್ತು, ಅದರಾಚೆ ಕಿಟಕಿಗೆ ಮೊಣಕೈ ಊರಿದಾಗಿನ ತಗಡಿನ ಬಿಸಿ. ಇಲ್ಲ, ಇದೂ ನನ್ನ ಹಳೆಯ ರೋಗವೇ ಇರಬೇಕು. ಒಲೆಯನ್ನು ಪ್ರತಿ ಸಲವೂ ಆರಿಸಿಯೇ ಇರುತ್ತಿದ್ದೆವಲ್ಲ. ಈಗ ಬಾಯಿಬಿಟ್ಟರೆ ಇವರು ತನ್ನನ್ನು ನೇರ ಆಸ್ಪತ್ರೆಗೇ ಕರೆದೊಯ್ಯುತ್ತಾರೆ. ಮೂತ್ರ ಎಂದರೆ? ಗಾಡಿ ನಿಲ್ಲುತ್ತದೆ, ಚಕ್ರ ಬಿಚ್ಚುವುದಿಲ್ಲ. ಮುಂದೆ ರಸ್ತೆ ಇಳಿಜಾರಾಗುತ್ತಿತ್ತು, ಆ ಕೊರೆದುಹೋದ ಹಳ್ಳ ಅಲ್ಲೇ ಎಲ್ಲೋ ಇರಬೇಕು. ಪಿಪ್ಪಾಳ ರಾಗ ನಿಂತಿತ್ತು. ತಿರುಗಿ ನೋಡಿದರೆ ಅರ್ಧ ಬಿಸ್ಕತ್ತು ಕೈಯಲ್ಲಿ ಹಿಡಿದೇ ತೂಕಡಿಸುತ್ತಿದ್ದಳು.

"ನಿಲ್ಲಿಸು ಬ್ರೋಡಿ. ಈಗಲೇ ನಿಲ್ಲಿಸು."

"ಮರ್ವ್, ಸಾಕು. ನಿಜವಾಗ್ಲೂ ಸಾಕು."

"ನಿಂದಲ್ಲ, ನಂದು. ಆಯ್ತು ಅಂದ್ನಲ್ಲ, ಆಯ್ತೋ ಇಲ್ವೋ ನಂಗೆ ಗೊತ್ತಿಲ್ಲ. ಆ ಹೆಂಗಸು ಬಂದ್ಲು, ನಾನು ಎದ್ದೆ. ಆಮೇಲೆ ಬಿಗಿ ಮಾಡಿದ ನೆನಪಿಲ್ಲ. ನಾಚಿಕೆಗೆ ಆಯ್ತು ಅಂದ್ಬಿಟ್ಟೆ."

ಬ್ರೋಡಿ ಗಾಡಿ ನಿಲ್ಲಿಸಿದ. ಈ ಸಲ ಜಾಕಿ ಕೊಡುವಾಗ ಅವನ ಕೈಗಳಲ್ಲಿ ಸಿಟ್ಟಿರಲಿಲ್ಲ, ಆತುರವಿತ್ತು. ಚಕ್ರ ಕಳಚಿ, ಪಾನಾ ಇಡುವ ಮೊದಲು ಮೇಲಿನ ನಟ್ಟನ್ನು ಎರಡು ಬೆರಳಲ್ಲಿ ಹಿಡಿದ. ಬಾಟಲಿಯ ಮುಚ್ಚಳ ತಿರುಗಿದಂತೆ ಅದು ತಿರುಗಿತು. ಪಕ್ಕದ್ದೂ ತಿರುಗಿತು. ನಾಲ್ಕು ತಿರುಗಿದವು. ಅವನ ತುಟಿ ಬಿಳಿಚಿಕೊಂಡಿತು. ಇಬ್ಬರೂ ಮಂಡಿಯೂರಿ ಆ ನಟ್ಟುಗಳನ್ನೇ ನೋಡುತ್ತಿದ್ದರು. ಬಾಗಿಲು ತೆರೆದ ಸದ್ದಾಯಿತು. "ಏನಾಯ್ತು?" ಎಂದಳು ರೋವೆನಾ.

"ಏನಿಲ್ಲ ರೋ," ಎಂದ ಬ್ರೋಡಿ ತಲೆ ಎತ್ತದೆ, "ಎಲ್ಲ ಸರಿ ಇದೆ."

ಆ ಹುಡುಗ ಇಷ್ಟು ಬೇಗ ತನ್ನನ್ನು ಕಾಪಾಡಲು ನಿಂತದ್ದು ಮರ್ವಿನ್‌ಗೆ ತಡೆಯಲಾಗಲಿಲ್ಲ. ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು, ಗುಟ್ಟು ಇಬ್ಬರ ನಡುವೆಯೇ ಉಳಿಯುತ್ತಿತ್ತು. "ಸರಿ ಇಲ್ಲ ಮಗಳೇ. ಅವನು ಮಾಡಿದ್ದು ಸರಿ ಇತ್ತು. ನಾನು ಬಿಚ್ಚಿ ನಾಲ್ಕು ನಟ್ಟು ಹಾಗೇ ಬಿಟ್ಟಿದ್ದೆ" ಎಂದ. ರೋವೆನಾ ಬಗ್ಗಿ ನೋಡಿದಳು, ಒಂದು ನಟ್ಟನ್ನು ತಾನೂ ಬೆರಳಿಂದ ತಿರುಗಿಸಿದಳು. ತೆರೆದ ಬಾಗಿಲಿನಾಚೆ ನಿದ್ದೆ ಹೋದ ಮಗುವನ್ನು ನೋಡಿದಳು, ಆಮೇಲೆ ಅಪ್ಪನನ್ನು. ಅವಳು ಬೈಯುವಳೆಂದು ಅವನು ಕಾದ. ಬೈಯಲಿ ಎಂದೂ ಆಸೆಪಟ್ಟ. "ನಾನು ಮುಂದೆ ಕೂತ್ಕೋತೀನಿ" ಎಂದಳು ಅವಳು. "ನೀನು ಹಿಂದೆ ಅವಳ ಪಕ್ಕ ಕೂತ್ಕೋ ಅಪ್ಪ." ಶಿಕ್ಷೆಯೋ ಕ್ಷಮೆಯೋ ಅವನಿಗೆ ತಿಳಿಯಲಿಲ್ಲ. ಬಹುಶಃ ಅವಳಿಗೂ ತಿಳಿದಿರಲಿಲ್ಲ.

ಬ್ರೋಡಿ ನಟ್ಟು ಬಿಗಿ ಮಾಡಲು ಶುರು ಮಾಡಿ, "ಬನ್ನಿ, ನೋಡ್ಕೊಳ್ಳಿ" ಎಂದು ಕರೆದ. "ಬೇಡ" ಎಂದು ಮರ್ವಿನ್ ಹಿಂದಿನ ಸೀಟಿಗೆ ಹತ್ತಿದ. ಐದು ಸದ್ದು ಕೇಳಿದವೋ ಇಲ್ಲವೋ ಎಂದು ಲೆಕ್ಕ ಇಡದಿರಲು ಕಿಟಕಿಯಾಚೆ ಬೆಟ್ಟದ ಸಾಲನ್ನೇ ದಿಟ್ಟಿಸುತ್ತ ಕೂತ. ಅದು ಬಹಳ ಕಷ್ಟವಾಯಿತು. ಗಾಡಿ ಹೊರಟ ಅಲುಗಾಟಕ್ಕೆ ಪಿಪ್ಪಾ ಕಣ್ಣು ಬಿಟ್ಟಳು. ಪಕ್ಕದಲ್ಲಿ ಅಮ್ಮನ ಬದಲು ತಾತ.

"ತಾತ, ಯಾಕೆ ಅಳ್ತಿದೀಯಾ?"

"ಒಂದು ಕೆಟ್ಟ ಕೆಲಸ ಮಾಡ್ದೆ ಪುಟ್ಟ. ನಿಮ್ಮಪ್ಪ ಮಾಡಿದ್ದು ಕೆಟ್ಟಿರಲಿ ಅಂತ ಆಸೆಪಟ್ಟೆ."

"ಕೆಟ್ಟಿತ್ತಾ?"

"ಇಲ್ಲ. ತುಂಬಾ ಚೆನ್ನಾಗಿತ್ತು. ಅಷ್ಟು ಚೆನ್ನಾಗಿ ಮಾಡಿದ್ದು ನಾನು ಎಲ್ಲೂ ನೋಡಿಲ್ಲ."

ಮುಂದಿನ ಸೀಟಿನಲ್ಲಿ ಬ್ರೋಡಿ ಕೈ ಚಾಚಿ ರೇಡಿಯೊ ಆರಿಸಿದ. ಹಳ್ಳ ಬಂತು, ಗಾಡಿ ನಿಧಾನವಾಗಿ ಇಳಿದು, ಕೊರಕಲು ದಾಟಿ, ಮೇಲೆ ಹತ್ತಿತು.

"ಮರ್ವ್," ಎಂದ ಬ್ರೋಡಿ, ರಸ್ತೆಯಿಂದ ಕಣ್ಣು ತೆಗೆಯದೆ. "ಮುಂದೆ ಹಾಕರ್ ಊರು ದಾಟಿದ್ಮೇಲೆ ಒಂದ್ಸಲ ನಿಲ್ಲಿಸ್ತೀನಿ. ಆಗ ಬಿಗಿ ಮಾಡೋವಾಗ ನನ್ನ ಕೈಯೆಲ್ಲ ನಡುಗ್ತಿತ್ತು, ನಾನು ಮಾಡಿದ್ರ ಮೇಲೂ ನಂಗೆ ನಂಬಿಕೆ ಇಲ್ಲ. ಇಬ್ರೂ ಸೇರಿ ನೋಡೋಣ."